ಪೆಟ್ಟಿಗೆ ಕೊಂಡವನದು, ಬೀಗದ ಕೈ ಯಾರದು?

ದುಡ್ಡು ಕೊಟ್ಟು ಕೊಂಡ ಸಾಮಾನನ್ನು ಬಿಚ್ಚಿ, ಕೆಟ್ಟ ಭಾಗವನ್ನು ತೆಗೆದು, ಬೇರೆ ಭಾಗ ಹಾಕಿ ನಡೆಸುವ ಹಕ್ಕು ಕೊಂಡವನಿಗೆ ಉಂಟೋ ಇಲ್ಲವೋ? ಗಿರಣಿಯ ಫಿಟ್ಟರನನ್ನು ಕೇಳಿದರೆ ಇದೂ ಒಂದು ಪ್ರಶ್ನೆಯೇ ಎಂದು ನಕ್ಕಾನು. ಆದರೆ ದೊಡ್ಡ ದೊಡ್ಡ ಕಂಪನಿಗಳು ಈ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರವನ್ನು ಎಂದೋ ಸಿದ್ಧಪಡಿಸಿಟ್ಟುಕೊಂಡಿವೆ. ಆ ಉತ್ತರ ಎಂಥ ಅನ್ಯಾಯದ್ದೆಂದು ತೋರಿಸಲು ನಾವು ಒಂದು ಆಟದ ಪೆಟ್ಟಿಗೆಯ ಕಥೆಯನ್ನು ಓದುಗರ ಮುಂದಿಡುತ್ತೇವೆ. ಆಟದ ಪೆಟ್ಟಿಗೆ ತಾನೇ ಎಂದು ಯಾರೂ ತಾತ್ಸಾರ ಮಾಡಬಾರದು. ಇಂದು ಆಟದ ಪೆಟ್ಟಿಗೆಗೆ ಬಿದ್ದ ಬೀಗ ನಾಳೆ ಹೊಲಿಗೆ ಯಂತ್ರಕ್ಕೂ ಬೀಳುತ್ತದೆ.

ನಾಣ್ಯ ಹಾಕಿದರೆ ಆಟ ಆಡಿಸುವ ಈ ಆಳೆತ್ತರದ ಮರದ ಪೆಟ್ಟಿಗೆಗೆ ಆರ್ಕೇಡ್ ಕ್ಯಾಬಿನೆಟ್ ಎಂದು ಹೆಸರು. 1978ರಲ್ಲಿ ಜಪಾನಿನ ಟೈಟೋ ಕಂಪನಿಯ ಸ್ಪೇಸ್ ಇನ್ವೇಡರ್ಸ್, 1980ರಲ್ಲಿ ನಾಮ್ಕೋ ಕಂಪನಿಯ ಪ್ಯಾಕ್‌ಮ್ಯಾನ್ ಬಂದ ಮೇಲೆ ಜಪಾನು, ಅಮೆರಿಕಗಳಲ್ಲಿ ಇವು ಬೀದಿಬೀದಿಗೂ ಹಬ್ಬಿದವು. ತಯಾರಿಸಿದವರು ದೊಡ್ಡ ಕಂಪನಿಗಳಾದರೂ, ಅವನ್ನು ಕೊಂಡು ಹೋಟೆಲು, ಲಾಂಡ್ರಿ, ದಿನಸಿ ಅಂಗಡಿಗಳ ಮೂಲೆಯಲ್ಲಿ ಇಟ್ಟವರಲ್ಲಿ ಬಹಳ ಮಂದಿ ಸಣ್ಣ ವ್ಯಾಪಾರಸ್ಥರು. ಬಿದ್ದ ನಾಣ್ಯಗಳನ್ನು ಅಂಗಡಿಯವನೊಡನೆ ಹಂಚಿಕೊಳ್ಳುವುದು ಅವರ ರೂಢಿ. ಪೆಟ್ಟಿಗೆ ಒಂದು ದಿನ ಕೆಟ್ಟು ನಿಂತರೆ ಒಂದು ದಿನದ ದುಡಿಮೆ ಹೋಯಿತು. ಆದ್ದರಿಂದ ಅಂದಿನ ಕಂಪನಿಗಳು ಪೆಟ್ಟಿಗೆಯ ಜೊತೆಗೇ ಅದರ ಸರ್ಕ್ಯೂಟ್ ನಕ್ಷೆಯನ್ನೂ ಕೊಡುತ್ತಿದ್ದವು. ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಯಾವ ಚಿಪ್ಪಿನ ಕೆಲಸವೇನು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಇದು ಕಂಪನಿಗಳ ಧರ್ಮಬುದ್ಧಿಯಲ್ಲ; ರಿಪೇರಿಯಾಗದ ಪೆಟ್ಟಿಗೆಯನ್ನು ವ್ಯಾಪಾರಸ್ಥ ಎರಡನೆಯ ಸಲ ಕೊಳ್ಳುತ್ತಿರಲಿಲ್ಲ, ಅಷ್ಟೆ.

ಅಂದಿನ ಪೆಟ್ಟಿಗೆಗಳು ಇಂದು ಆ ದೇಶಗಳ ಗೋದಾಮುಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಸಿಗುತ್ತವೆ. ಹಗಲೆಲ್ಲ ಬೇರೆ ಕಡೆ ದುಡಿದು ಬಂದವರು ಸಂಜೆ ಮನೆಯಲ್ಲಿ ಕುಳಿತು ಅವನ್ನು ಸರಿಪಡಿಸುತ್ತಾರೆ. ತೇವ ಹಿಡಿದು ಉಬ್ಬಿದ ತಳದ ಹಲಗೆಯನ್ನು ಕತ್ತರಿಸಿ ಹೊಸ ಹಲಗೆ ಕೂಡಿಸುತ್ತಾರೆ. ಮಾನಿಟರಿನಲ್ಲಿ ವರ್ಷಗಳ ಬಿಸಿಗೆ ಒಣಗಿದ ಕೆಪಾಸಿಟರುಗಳನ್ನು ಒಂದೊಂದಾಗಿ ಕಿತ್ತು ಹೊಸದನ್ನು ಬೆಸೆಯುತ್ತಾರೆ. ಅಲುಗಾಡುವ ಚಿತ್ರ ಎಷ್ಟೋ ಸಲ ಇಷ್ಟರಿಂದಲೇ ನೆಟ್ಟಗೆ ನಿಲ್ಲುತ್ತದೆ. ಇದು ಮಕ್ಕಳಾಟವಲ್ಲ. ಬಣ್ಣದ ಪಿಕ್ಚರ್ ಟ್ಯೂಬಿಗೆ ಸುಮಾರು 20,000 ವೋಲ್ಟಿನ ವಿದ್ಯುತ್ತು ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರಬಹುದು. ಅದನ್ನು ಕ್ರಮವರಿತು ಅರ್ಥಿಂಗಿಗೆ ಇಳಿಸದೆ ಕೈ ಹಾಕುವವನು ಪ್ರಾಣದೊಡನೆ ಆಡುತ್ತಾನೆ. ಕಲಿತವನ ಪಕ್ಕದಲ್ಲಿ ನಿಂತು ಕಲಿಯಬೇಕಾದ ಕಸಬು ಇದು. ಇಂಥ ಕಸಬನ್ನು ‘ಹವ್ಯಾಸ’ ಎಂದು ಹಗುರವಾಗಿ ಮಾತನಾಡುವವರನ್ನು ನಾವು ಒಪ್ಪುವುದಿಲ್ಲ.

ಒಳಗಿನ ಬೋರ್ಡು ಪೂರ್ತಿ ಹಾಳಾಗಿದ್ದರೆ ಕೆಲವರು ಅದನ್ನು ತೆಗೆದು ಬೇರೊಂದು ಆಟದ ಬೋರ್ಡನ್ನೋ ಕಂಪ್ಯೂಟರನ್ನೋ ಕೂಡಿಸುತ್ತಾರೆ. ಹಳೆಯದನ್ನು ಹಾಳು ಮಾಡಿದರೆಂದು ಇದನ್ನು ಮಡಿವಂತರು ಆಕ್ಷೇಪಿಸುತ್ತಾರೆ. ಅಚ್ಚುಕಟ್ಟಾಗಿರುವ ಪೆಟ್ಟಿಗೆಯ ಕರುಳನ್ನು ಕಿತ್ತೆಸೆಯಬಾರದೆಂಬ ಮಾತು ಸರಿ. ಆದರೆ ಬರಿದಾದ ಪೆಟ್ಟಿಗೆಯನ್ನು ಬದಲಾಯಿಸಿ ಬಳಸುವುದು ಅಂದಿನ ವ್ಯಾಪಾರಸ್ಥರೇ ಕಲಿಸಿದ ವಿದ್ಯೆ. ಒಂದು ಆಟಕ್ಕೆ ಗಿರಾಕಿ ಕಡಿಮೆಯಾದಾಗ ಅವರು ಪೆಟ್ಟಿಗೆಯನ್ನು ಎಸೆಯಲಿಲ್ಲ. ಬೋರ್ಡು, ಗುಂಡಿ, ಮೇಲಿನ ಹೆಸರಿನ ಫಲಕ ಇಷ್ಟನ್ನು ಬದಲಿಸಿ ಮತ್ತೆ ದುಡಿಸಿದರು. 1985ರಲ್ಲಿ ಜಪಾನಿನ ತಯಾರಕರ ಸಂಘವು ‘ಜಾಮಾ’ ಎಂಬ 56 ಸಂಪರ್ಕಗಳ ಒಂದೇ ಮಾದರಿಯ ಜೋಡಣೆಯನ್ನು ಗೊತ್ತುಮಾಡಿದ ಮೇಲಂತೂ ಒಂದು ಬೋರ್ಡು ಕಿತ್ತು ಇನ್ನೊಂದು ಸಿಕ್ಕಿಸುವುದು ಕೆಲವೇ ನಿಮಿಷಗಳ ಕೆಲಸವಾಯಿತು. ಅಳತೆ ಒಂದೇ ಆದರೆ ಸಣ್ಣವನು ಬದುಕುತ್ತಾನೆ. ಪ್ರತಿ ಕಂಪನಿಗೊಂದು ಅಳತೆಯಾದರೆ ಆತ ಕಂಪನಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಾನೆ. ಮೊಳೆ, ಬೋಲ್ಟು ಮಾರುವ ಯಾವ ವ್ಯಾಪಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸ್ವಾತಂತ್ರ್ಯವನ್ನು ದೊಡ್ಡವರು ಸಹಿಸಿದರೆ? 1981ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಲಯದಲ್ಲಿ ಪೆಟ್ಟಿಗೆಗಳನ್ನಿಟ್ಟು ಪುಡಿಗಾಸು ಸಂಪಾದಿಸುತ್ತಿದ್ದ ಕೆಲವು ಯುವಕರು, ಅಟಾರಿ ಕಂಪನಿಯ ಮಿಸೈಲ್ ಕಮಾಂಡ್ ಆಟಕ್ಕೆ ಹೊಸ ಕಳೆ ಕೊಡುವ ಒಂದು ಜೋಡಣೆ ಬೋರ್ಡನ್ನು ತಯಾರಿಸಿ 295 ಡಾಲರಿಗೆ ಮಾರಿದರು. ಅದನ್ನು ಹಾಕಬೇಕಾದರೆ ಅಟಾರಿಯ ಪೆಟ್ಟಿಗೆಯನ್ನು ಮೊದಲೇ ಕೊಂಡಿರಬೇಕು. ಆದರೂ ಅಟಾರಿ ಅವರ ಮೇಲೆ ಒಂದೂವರೆ ಕೋಟಿ ಡಾಲರಿನ ದಾವೆ ಹೂಡಿತು! ಯುವಕರು ಬಗ್ಗಲಿಲ್ಲ, ಕೊನೆಗೆ ಅಟಾರಿಯೇ ರಾಜಿಗೆ ಬಂದು ಅವರಿಗೆ ಕೆಲಸ ಕೊಟ್ಟಿತು. ಅವರು ಪ್ಯಾಕ್‌ಮ್ಯಾನಿಗೆಂದು ಮಾಡಿದ್ದ ಇನ್ನೊಂದು ಜೋಡಣೆಯೇ 1982ರಲ್ಲಿ ಮಿಡ್‌ವೇ ಕಂಪನಿಯ ಮೂಲಕ ಮಿಸ್ ಪ್ಯಾಕ್‌ಮ್ಯಾನ್ ಎಂಬ ಜಗತ್ಪ್ರಸಿದ್ಧ ಆಟವಾಗಿ ಹೊರಬಂತು. ಅದೇ ಮಿಡ್‌ವೇ, ಗ್ಯಾಲಕ್ಸಿಯನ್ ಆಟದ ವೇಗ ಹೆಚ್ಚಿಸುವ ಬೋರ್ಡು ಮಾರಿದ ಆರ್ಟಿಕ್ ಎಂಬ ಸಂಸ್ಥೆಯನ್ನು ಕೋರ್ಟಿಗೆಳೆದು 1983ರಲ್ಲಿ ಗೆದ್ದಿತು. ತಾನು ತೆಗೆದುಕೊಂಡರೆ ಜಾಣ್ಮೆ, ಇನ್ನೊಬ್ಬ ಮಾರಿದರೆ ಕಳವು! 1992ರಲ್ಲಿ ಗೇಮ್ ಜೀನಿ ಎಂಬ ಜೋಡಣೆಯ ಬಗ್ಗೆ ನಿಂಟೆಂಡೋ ಕಂಪನಿಯೊಡನೆ ನಡೆದ ಮೊಕದ್ದಮೆಯಲ್ಲಿ ಅಮೆರಿಕದ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಕಂಪನಿಯ ವಿರುದ್ಧವೇ ತೀರ್ಪಿತ್ತಿತು. ನ್ಯಾಯಾಲಯಗಳಲ್ಲೇ ಒಮ್ಮತವಿಲ್ಲದಿರುವಾಗ ಕಂಪನಿಗಳು ತಮ್ಮ ಮಾತೇ ವೇದವೆಂದು ನಟಿಸುವುದೇಕೆ?

ಕೋರ್ಟು ಸಾಲದೆಂದು ಬೀಗವನ್ನು ಯಂತ್ರದೊಳಗೇ ಇಟ್ಟರು. 1993ರಲ್ಲಿ ಕ್ಯಾಪ್‌ಕಾಮ್ ಕಂಪನಿ ಸಿ.ಪಿ.ಎಸ್.-2 ಎಂಬ ಬೋರ್ಡನ್ನು ತಂದಿತು. ಅದರ ಆಟವನ್ನು ಓದಲು ಬೇಕಾದ ಗುಪ್ತ ಸಂಕೇತವನ್ನು ಒಂದು ಸಣ್ಣ ಬ್ಯಾಟರಿಯ ಬಲದ ಮೇಲೆ ನಿಲ್ಲಿಸಿದರು. ಬ್ಯಾಟರಿ ತೀರಿತೋ, ಸಂಕೇತ ಅಳಿಸಿಹೋಯಿತು, ಬೋರ್ಡು ಸತ್ತಿತು. ಚಿಪ್ಪು ಸುಟ್ಟಿಲ್ಲ, ತಂತಿ ಹರಿದಿಲ್ಲ. ಆದರೂ ಬೆಲೆ ಕೊಟ್ಟು ಕೊಂಡ ವಸ್ತು ಹೆಣ. ಬಳಕೆದಾರರು ಇದಕ್ಕೆ ‘ಆತ್ಮಹತ್ಯೆಯ ಬ್ಯಾಟರಿ’ ಎಂದು ಹೆಸರಿಟ್ಟರು. ನಾವು ಇದನ್ನು ಕೊಲೆ ಎಂದೇ ಕರೆಯುತ್ತೇವೆ. ಈ ಗುಪ್ತ ಕ್ರಮವನ್ನು 2007ರಲ್ಲಿ ಭೇದಿಸಿದವರು ಸಂಬಳವಿಲ್ಲದ ಸ್ವಯಂಸೇವಕರು. ಅಂಥವರ ದುಡಿಮೆಯಿಂದಲೇ ಸತ್ತ ಬೋರ್ಡುಗಳಿಗೆ ಮತ್ತೆ ಜೀವ ಬಂತು.

ಕಾನೂನು ಯಾರ ಕಡೆ ನಿಂತಿತು? 1998ರಲ್ಲಿ ಅಮೆರಿಕ ಮಾಡಿದ ಕಾಯಿದೆ ಇಂಥ ಬೀಗ ಮುರಿಯುವುದನ್ನೇ ನಿಷೇಧಿಸಿತು. ಮೂರು ವರ್ಷಕ್ಕೊಮ್ಮೆ ಅರ್ಜಿ ಹಿಡಿದು ವಿನಾಯಿತಿ ಬೇಡಬೇಕು. 2003ರಲ್ಲಿ ಬಳಕೆ ತಪ್ಪಿದ ಮಾದರಿಗಳ ಆಟಗಳಿಗೆ ವಿನಾಯಿತಿ ಸಿಕ್ಕಿತು. 2006ರಲ್ಲಿ ಅದನ್ನು ಗ್ರಂಥಾಲಯ, ದಾಖಲೆ ಸಂಗ್ರಹಾಲಯಗಳಿಗೆ ಮಾತ್ರ ಸೀಮಿತಗೊಳಿಸಿದರು. ಕ್ಯಾಲಿಫೋರ್ನಿಯ ರಾಜ್ಯ 2023ರಲ್ಲಿ ರಿಪೇರಿಯ ಹಕ್ಕಿನ ಕಾಯಿದೆ ಮಾಡಿದಾಗಲೂ ಮನೆಯಲ್ಲಾಡುವ ವಿಡಿಯೋ ಗೇಮ್ ಯಂತ್ರಗಳನ್ನು ಅದರಿಂದ ಹೊರಗಿಟ್ಟಿತು. ದೇವರು ಕೊಟ್ಟರೂ ಪೂಜಾರಿ ಕೊಡ.

ಬೀಗ ತೆಗೆದರೆ ನಕಲು ಮಾಲು ಹೆಚ್ಚುತ್ತದೆ, ಆಟ ಸೃಷ್ಟಿಸಿದವರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ಕಂಪನಿಗಳು ವಾದಿಸುತ್ತವೆ. ನಕಲು ಮಾಡಿ ಮಾರುವವನ ವಕಾಲತ್ತು ನಾವು ವಹಿಸುವುದಿಲ್ಲ. ಸೃಷ್ಟಿಸಿದವರ ಶ್ರಮಕ್ಕೆ ಬೆಲೆ ಬರಲೇಬೇಕು. ಆದರೆ ಸ್ಪೇಸ್ ಇನ್ವೇಡರ್ಸ್ ರೂಪಿಸಿದ ನಿಶಿಕಾಡೋ, ಪ್ಯಾಕ್‌ಮ್ಯಾನ್ ರೂಪಿಸಿದ ಇವಾಟಾನಿ ಇಬ್ಬರೂ ಕಂಪನಿಯ ನೌಕರರು. ಆಟದ ಒಡೆತನ ಕಂಪನಿಯದೇ ಆಯಿತು. ದುಡಿದವನ ಹೆಸರನ್ನು ಧನಿಕ ನೆನೆಯುವುದು ತನ್ನ ಬೀಗಕ್ಕೆ ಕಾವಲು ಬೇಕಾದಾಗ ಮಾತ್ರ. ಕಳ್ಳನಿಗೊಂದು ಪಿಳ್ಳೆ ನೆವ! ಎಂದೋ ಮಾರಾಟ ನಿಲ್ಲಿಸಿದ ಬೋರ್ಡನ್ನು ಅದರ ಒಡೆಯ ಮನೆಯಲ್ಲಿ ರಿಪೇರಿ ಮಾಡಿಕೊಂಡರೆ ಯಾವ ನೌಕರನ ಸಂಬಳ ಕಡಿಮೆಯಾಗುತ್ತದೆ?

ಇದು ಸಮುದ್ರದಾಚೆಯ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. ಟ್ರ್ಯಾಕ್ಟರು, ಮೊಬೈಲು, ಗೃಹೋಪಯೋಗಿ ಯಂತ್ರ, ವಾಹನಗಳ ರಿಪೇರಿಯ ಹಕ್ಕನ್ನು ಪರಿಶೀಲಿಸಲು ಭಾರತ ಸರ್ಕಾರ 2022ರ ಜುಲೈಯಲ್ಲಿ ಸಮಿತಿ ನೇಮಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣ ತೆರೆಯಿತು. ಜಾಲತಾಣ ಕಾಯಿದೆಯಲ್ಲ. ಅದರಲ್ಲಿ ಮಾಹಿತಿ ಹಾಕದ ಕಂಪನಿಯನ್ನು ಅದು ಜೈಲಿಗೆ ಕಳಿಸುವುದಿಲ್ಲ.

ನಮ್ಮ ಬೇಡಿಕೆ ಸ್ಪಷ್ಟ. ಮಾರುವ ಪ್ರತಿ ಯಂತ್ರದ ಜೊತೆ ಅದರ ನಕ್ಷೆಯನ್ನು ಕೊಡಬೇಕು. 1980ರಲ್ಲಿ ಆದದ್ದು ಇಂದು ಆಗದೆಂಬುದು ಸುಳ್ಳು. ಬಿಡಿಭಾಗಗಳನ್ನು ಬೀದಿಯ ಮೆಕಾನಿಕನಿಗೂ ನ್ಯಾಯವಾದ ಬೆಲೆಗೆ ಮಾರಬೇಕು. ತಾನೇ ತಾನಾಗಿ ಸಾಯುವಂತೆ ಯಂತ್ರ ಕಟ್ಟುವುದು ಶಿಕ್ಷಾರ್ಹವಾಗಬೇಕು. ರಿಪೇರಿಗಾಗಿ ಬೀಗ ಒಡೆದವನ ಮೇಲೆ ಯಾವ ಮೊಕದ್ದಮೆಯೂ ನಿಲ್ಲಬಾರದು. ಗಿರಣಿಯಲ್ಲಿ ಯಂತ್ರ ನಡೆಸುವ ಕೈಗೆ ತನ್ನ ಮನೆಯ ಯಂತ್ರ ಬಿಚ್ಚುವ ಅಧಿಕಾರವಿಲ್ಲವೆಂದು ಹೇಳುವ ಕಾಯಿದೆಯನ್ನು ದುಡಿಯುವ ಜನ ಒಪ್ಪಲಾರರು. ಸ್ಕ್ರೂಡ್ರೈವರು ಹಿಡಿದವರೆಲ್ಲರೂ, ಅದನ್ನು ಮಾರುವವರೆಲ್ಲರೂ ಈ ಬೇಡಿಕೆಗೆ ದನಿಗೂಡಿಸಬೇಕೆಂದು ನಾವು ಕರೆ ಕೊಡುತ್ತೇವೆ.