ಮಣ್ಣಿಲ್ಲದೆ ಸೊಪ್ಪು: ಕಿಟ್ ಬೇಡ, ಒಂದು ಡಬ್ಬಿ ಸಾಕು



'ಮಣ್ಣಿಲ್ಲದ ಕೃಷಿ, ವಿಷವಿಲ್ಲದ ಆಹಾರ' ಅನ್ನುವ ಜಾಹೀರಾತು ನಿಮ್ಮ ಫೋನಿಗೂ ಬಂದಿರಬಹುದು. ಪೈಪು, ಪಂಪು, ಲೈಟು ಸೇರಿ ಹತ್ತಾರು ಸಾವಿರ ರೂಪಾಯಿ. ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹೈಡ್ರೋಪೋನಿಕ್ಸ್ ಒಳ್ಳೆಯದು, ಬಾಡಿಗೆ ಮನೆಯವರಿಗಂತೂ ಹೇಳಿ ಮಾಡಿಸಿದಂತಿದೆ. ಬಾಲ್ಕನಿಗೆ ಮಣ್ಣಿನ ಭಾರವಿಲ್ಲ, ಮನೆ ಬದಲಿಸಿದರೆ ಡಬ್ಬಿ ಎತ್ತಿಕೊಂಡು ಹೋಗಬಹುದು. ಆದರೆ ಆ ಕಿಟ್ ಬೇಕಾಗಿಲ್ಲ. 'ರಾಸಾಯನಿಕ ಇಲ್ಲವೇ ಇಲ್ಲ' ಅನ್ನುವ ಮಾತಂತೂ ಸುಳ್ಳು.

ಬೇರಿಗೆ ಬೇಕಾದದ್ದು ನೀರು, ನೀರಿನಲ್ಲಿ ಕರಗಿದ ಪೋಷಕಾಂಶ ಮತ್ತು ಗಾಳಿ. ಮಣ್ಣು ಇವನ್ನು ಹಿಡಿದಿಟ್ಟು ಕೊಡುತ್ತದೆ. ಮಣ್ಣು ತೆಗೆದರೆ ಅದರ ಕೆಲಸ ನಾವು ಮಾಡಬೇಕು, ಅಂದರೆ ಗೊಬ್ಬರದ ಲವಣಗಳನ್ನು ನೀರಿಗೆ ಹಾಕಲೇಬೇಕು. ಹೆದರಬೇಡಿ. ಸಗಣಿ ಗೊಬ್ಬರದಿಂದ ಬಂದರೂ ಲವಣದಿಂದ ಬಂದರೂ ಗಿಡ ಹೀರುವ ನೈಟ್ರೇಟ್ ಒಂದೇ. ಇದರ ನಿಜವಾದ ಲಾಭ ಬೇರೆ: ಕೊಳಚೆ ನೀರು ಸೋಕದ, ಕೀಟನಾಶಕ ಸಿಂಪಡಿಸದ ಸೊಪ್ಪು ಕೊಯ್ದ ಹತ್ತೇ ನಿಮಿಷಕ್ಕೆ ತಟ್ಟೆಗೆ ಬರುತ್ತದೆ. ರೊಟ್ಟಿ ಜೊತೆ ಹಸಿ ಮೆಂತೆ ತಿನ್ನುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಪ್ರಚಾರಕ್ಕೆ ತಂದ ವಿಧಾನಕ್ಕೆ ಪಂಪೂ ಬೇಡ, ಕರೆಂಟೂ ಬೇಡ. ಬೆಳಕು ತೂರದ 10 ಲೀಟರ್ ಡಬ್ಬಿ ತನ್ನಿ (ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ). ಮುಚ್ಚಳದಲ್ಲಿ ಎರಡು ಮೂರು ತೂತು ಮಾಡಿ. ತೂತಿನ ಜಾಲರಿ ಲೋಟದಲ್ಲಿ ತೆಂಗಿನ ನಾರಿನ ಪುಡಿ, ಅದರಲ್ಲಿ ಪಾಲಕ್ ಸಸಿ. ಬೇರಿನ ತುದಿ ನೀರಿಗೆ ತಾಗಿರಬೇಕು. ಗಿಡ ಕುಡಿದಂತೆ ನೀರು ಇಳಿಯುತ್ತದೆ, ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ಇಳಿದ ನೀರನ್ನು ಮತ್ತೆ ಕಂಠಮಟ್ಟ ತುಂಬಿಸಬೇಡಿ. ಊರಿಗೆ ಹೊರಟಾಗ ಗಿಡ ಒಣಗೀತು ಎಂಬ ಕಾಳಜಿಯಿಂದ ನಾನು ಹಾಗೆ ಮಾಡಿದ್ದೆ. ವಾಪಸ್ ಬಂದಾಗ ಬೇರೆಲ್ಲ ಕೊಳೆತು ನಾರುತ್ತಿತ್ತು.

ಪೋಷಕಾಂಶಕ್ಕೆ ಬರೀ 19:19:19 ಹಾಕಿದರೆ ಸಾಲದು, ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಎ ಮತ್ತು ಬಿ ಎಂದು ಎರಡು ಬಾಟಲಿಯಲ್ಲಿ ಬರುವ ದ್ರಾವಣ ಕೊಳ್ಳಿ. ಅವೆರಡನ್ನು ನೇರವಾಗಿ ಬೆರೆಸಿದರೆ ಕ್ಯಾಲ್ಸಿಯಂ ಗಸಿಯಾಗಿ ತಳಕ್ಕೆ ಕೂರುತ್ತದೆ. ಒಂದೊಂದಾಗಿ ನೀರಿಗೇ ಹಾಕಿ ಕಲಕಿ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯಲೆಂದು 'ಅರ್ಕಾ ಸಸ್ಯ ಪೋಷಕ ರಸ' ರೂಪಿಸಿದೆ. ನೀರಿನ ಪಿಎಚ್ 5.5ರಿಂದ 6.5ರೊಳಗೆ ಇರಲಿ, ಪರೀಕ್ಷೆಯ ಪಟ್ಟಿ ಸಿಗುತ್ತದೆ. ಟ್ಯಾಂಕರ್ ಅಥವಾ ಬೋರಿನ ಗಡಸು ನೀರಾದರೆ ಇದನ್ನು ನೋಡದೆ ಶುರು ಮಾಡಬೇಡಿ.

ಪುಣೆಯಲ್ಲಿ ದಸರೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್ ಬಿಸಿಲಿಗೆ ಡಬ್ಬಿಯ ನೀರು ಕಾದು ಅದರಲ್ಲಿನ ಆಮ್ಲಜನಕ ಕಡಿಮೆಯಾಗುತ್ತದೆ, ಬೇರಿಗೆ ರೋಗ ಹತ್ತುತ್ತದೆ.

ಇನ್ನು ಜಾಹೀರಾತಿನಲ್ಲಿ ಯಾರೂ ಹೇಳದ ವಿಷಯ, ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯ ನಿಂತ ನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. 2024ರ ಜೂನ್‌ನಲ್ಲಿ ಪುಣೆಯ ಝೀಕಾ ಪ್ರಕರಣಗಳು ಶುರುವಾದದ್ದು ನಮ್ಮ ಕನ್ನಡ ಸಂಘದ ಶಾಲೆ ಇರುವ ಎರಂಡವಣೆಯಲ್ಲೇ. ಅದನ್ನು ಹರಡುವುದೂ ಇದೇ ಸೊಳ್ಳೆ. ಮರಿ ಸಿಕ್ಕ ಸೊಸೈಟಿಗಳಿಗೆ ಪಾಲಿಕೆಯವರು ನೋಟಿಸ್ ಕೊಡುತ್ತಾರೆ, ದಂಡವನ್ನೂ ಹಾಕುತ್ತಾರೆ. ಹಾಗಾಗಿ ಮುಚ್ಚಳದಲ್ಲಿ ಸಂದು ಬಿಡಬೇಡಿ, ಖಾಲಿ ತೂತಿಗೆ ಬಟ್ಟೆ ತುರುಕಿ. ವಾರಕ್ಕೊಮ್ಮೆ ಮುಚ್ಚಳ ಎತ್ತಿ ಟಾರ್ಚ್ ಹಾಕಿ ನೋಡಿ. ಮನೆಯಲ್ಲಿ ಗರ್ಭಿಣಿ ಇದ್ದು, ವಾರಕ್ಕೊಮ್ಮೆ ನೋಡಲು ಆಗುವುದಿಲ್ಲ ಎಂದಾದರೆ ಈ ಸಾಹಸವೇ ಬೇಡ. ಸೊಪ್ಪು ಮಂಡಈಯಲ್ಲೂ ಸಿಗುತ್ತದೆ.

ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮನೆಯ ಸೊಪ್ಪು ಎಂದು ಒಮ್ಮೆಲೇ ಹೆಚ್ಚು ತಿನ್ನಬೇಡಿ, ವೈದ್ಯರನ್ನು ಕೇಳಿ. ಮನೆಯಲ್ಲಿ ಬೆಳೆದದ್ದನ್ನೂ ತೊಳೆದೇ ತಿನ್ನಿ.

ಎರಡು ಮೂರು ಡಬ್ಬಿಯಿಂದ ವಾರಕ್ಕೊಂದು ಊಟದ ಪಲ್ಯ ಆದೀತು, ಅಷ್ಟೇ. ಸಂತೆ ತಪ್ಪುವುದಿಲ್ಲ. ನಾನೀಗ ಪಾಲಕ್ ಬಿಟ್ಟು ಪುಂಡಿ ಪಲ್ಯಕ್ಕೆ ಕೈ ಹಾಕಿದ್ದೇನೆ (ಇಲ್ಲಿಯವರ ಅಂಬಾಡಿ). ಸಸಿ ಎದ್ದಿದೆ, ಬೆಳೆಯುತ್ತೋ ಇಲ್ಲವೋ ನೋಡಬೇಕು. ನಿಮ್ಮಲ್ಲಿ ಯಾರಾದರೂ ಡಬ್ಬಿಯಲ್ಲಿ ಪುಂಡಿ ಬೆಳೆದಿದ್ದರೆ ಗುಂಪಿನಲ್ಲಿ ದಯವಿಟ್ಟು ತಿಳಿಸಿ.