ಪತ್ರಾಕ್ಕೆ ಯಾವ ವೆಲ್ಡಿಂಗ್?

ಕಾರಿನ ಬಾಡಿಗೆ ಯಾವ ವೆಲ್ಡಿಂಗ್ ಬೆಸ್ಟ್ ಅಂತ ಕೇಳಿದರೆ ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಟಿಗ್ ಅಂತೀವಿ. ಫೋಟೊದಲ್ಲಿ ಅದು ಭಾಳ ನೀಟಾಗಿ ಕಾಣುತ್ತದಲ್ಲ, ಅದಕ್ಕೆ. ಆದರೆ ಲ್ಯಾಬಿನಲ್ಲಿ ನಾವು ಮುಟ್ಟಿರೋದು 6 ಎಂಎಂ ಪ್ಲೇಟು ಮತ್ತು ಆರ್ಕ್ ರಾಡು ಮಾತ್ರ. ಕಾರಿನ ಬಾಗಿಲ ಪತ್ರಾ ಸುಮಾರು 0.7 ಎಂಎಂ. ಅದೇ ಕೈಯಿಂದ ಅದೇ ರಾಡು ಅಲ್ಲಿಟ್ಟರೆ ತೂತು ಗ್ಯಾರಂಟಿ.

ತಿಕೋಟಾ, ಬಬಲೇಶ್ವರ ಕಡೆ ಟ್ರ್ಯಾಕ್ಟರ್ ಟ್ರೇಲರ್, ದ್ರಾಕ್ಷಿ ತೋಟದ ಆ್ಯಂಗಲ್ಲು ಎಲ್ಲಕ್ಕೂ ಆರ್ಕ್ ನಡೀತದೆ. ದಪ್ಪ ಕಬ್ಬಿಣ, ಶಾಖ ತಡಕೊಳ್ಳುತ್ತದೆ. ಪತ್ರಾ ತಡಕೊಳ್ಳೋದಿಲ್ಲ. ಹಾಗಾಗಿ ಯಾವ ಮಷಿನ್ ದೊಡ್ಡದು ಅನ್ನೋದಕ್ಕಿಂತ ಶಾಖ ಎಷ್ಟು ಹೋಗುತ್ತದೆ ಅಂತ ಕೇಳಬೇಕು.

ನಮ್ಮ ಓಟು ಮಿಗ್‌ಗೆ. 0.6 ಎಂಎಂ ವೈರು, ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಿಶ್ರಣ. ಆದರೆ ಉದ್ದಕ್ಕೆ ಎಳೆಯಬಾರದು. ಇಲ್ಲೊಂದು ಚುಕ್ಕಿ, ಗೇಣು ದೂರದಲ್ಲಿ ಇನ್ನೊಂದು. ವಿಜಯಪುರದ ಒಂದು ಗ್ಯಾರೇಜಿನಲ್ಲಿ ಹಳೇ ಬಾಗಿಲ ಮೇಲೆ ನಾವು ಅವಸರ ಮಾಡಿ ಎರಡಿಂಚು ಎಳೆದೆವು. ಹಪ್ಪಳದಂಗೆ ಉಬ್ಬಿತು. ಮಿಸ್ತ್ರಿ ಕಾಕಾ ಬೈಯಲಿಲ್ಲ. "ತಮ್ಮಾ, ಕೈ ಇಟ್ಟ ನೋಡು, ಆರೇತೇನು? ಆರಿದ ಮ್ಯಾಲೆ ಮುಂದಿಂದು ಹೊಡಿ" ಅಂದರು.

ಮಿಗ್‌ಗೂ ದೋಷ ಇದೆ. ಅದರ ಬೀಡ್ ಗಟ್ಟಿ, ಗ್ರೈಂಡರ್ ಹಿಡಿಯಲೇಬೇಕು. ಜಾಸ್ತಿ ಹಿಡಿದರೆ ಪಕ್ಕದ ಪತ್ರಾ ತೆಳುವಾಗುತ್ತದೆ, ಮೇಲೆ ಪುಟ್ಟಿ ಬಳಿದರೆ ಯಾರಿಗೂ ಗೊತ್ತಾಗೋದಿಲ್ಲ. ಗ್ಯಾಸ್ ಅಥವಾ ಟಿಗ್ ಜೋಡಣೆ ಮೆತ್ತಗಿರುವುದರಿಂದ ಹಿಂದೆ ಡಾಲಿ ಹಿಡಿದು ಸುತ್ತಿಗೆಯಿಂದ ಸಪಾಟು ಮಾಡಬಹುದು. ಗ್ಯಾಸ್ ಬಿಡದ ಹಳೇ ಮಿಸ್ತ್ರಿಗಳನ್ನು ನೋಡಿ ನಗೋದು ತಪ್ಪು. ಹಿಂದೆ ಕೈ ಹೋಗದ ಕಡೆ ಮಾತ್ರ ಆ ಜಾಣತನ ನಡೆಯೋದಿಲ್ಲ. ಇನ್ನು ಟಿಗ್‌ಗೆ ತುಕ್ಕು, ಬಣ್ಣ ಒಂಚೂರೂ ಇರಬಾರದು, ಎರಡೂ ಕೈ ಬೇಕು. ಕಾರಿನ ಕೆಳಗೆ ಮಲಗಿ ಮಾಡಿ ನೋಡಿ!

ನಮಗೆ ಹೆದರಿಕೆ ಇರೋದು ಹೊಸ ಕಾರುಗಳ ಬಗ್ಗೆ. ಎರಡು ಬಾಗಿಲ ನಡುವಿನ ಕಂಬ, ಬಿ-ಪಿಲ್ಲರ್, ಎಷ್ಟೋ ಮಾಡೆಲ್‌ಗಳಲ್ಲಿ ಹೆಚ್ಚು ಬಲದ ಉಕ್ಕು. ಗ್ಯಾಸ್ ಜ್ವಾಲೆಯಿಂದ ಕಾಯಿಸಿದರೆ ಆ ಬಲ ಹೋಗುತ್ತದೆ. ಬಣ್ಣ ಹೊಡೆದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಗೊತ್ತಾಗೋದು ಪಕ್ಕದಿಂದ ಲಾರಿ ಗುದ್ದಿದಾಗ. ಅಲ್ಲಿ ಮಿಗ್ ಪರವಾಗಿ ನಾವೂ ವಾದ ಮಾಡೋದಿಲ್ಲ. ಕಂಪನಿಯ ರಿಪೇರಿ ಮ್ಯಾನ್ಯುಯಲ್ ಎಲ್ಲಿ ಕಡಿಯಲು, ಹೇಗೆ ಕೂಡಿಸಲು ಹೇಳುತ್ತದೋ ಅಷ್ಟೇ.

ಮುಂದಿನ ಸೆಮಿಸ್ಟರ್‌ಗೆ ನಾವು ಕೇಳೋದು ಹೊಸ ಮಷಿನ್ ಅಲ್ಲ. ಗುಜರಿಯಿಂದ ನಾಲ್ಕು ತುಕ್ಕು ಹಿಡಿದ ಬಾಗಿಲು ತಂದು ಲ್ಯಾಬಿನಲ್ಲಿಡಿ. 6 ಎಂಎಂ ಪ್ಲೇಟಿನ ಪಕ್ಕದಲ್ಲೇ ಇರಲಿ.