ಮನೆಯ ಭಂಡಾರವೂ ಪರರ ಕೀಲಿಯೂ

ಈಚಿನ ವರ್ಷಗಳಲ್ಲಿ ವಿದ್ಯಾವಂತ ತರುಣರಲ್ಲಿ ಕೆಲವರು ಒಂದು ಹೊಸ ಹವ್ಯಾಸವನ್ನು ಕೈಗೊಂಡಿರುವರು. ಹಳೆಯದಾಗಿ ಮೂಲೆಗೆ ಬಿದ್ದ ಲ್ಯಾಪ್‌ಟಾಪನ್ನೋ, 2012ರಲ್ಲಿ ಇಂಗ್ಲೆಂಡಿನಿಂದ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನೋ ಮನೆಯೊಳಗೆ ಒಂದೆಡೆ ಇರಿಸಿ, ಅದಕ್ಕೆ ಹಾರ್ಡ್ ಡಿಸ್ಕನ್ನು ಜೋಡಿಸಿ, ಹಗಲಿರುಳೂ ನಡೆಯುವಂತೆ ಮಾಡಿ, ಮನೆಮಂದಿಯ ಭಾವಚಿತ್ರಗಳು, ಕಾಗದಪತ್ರಗಳು, ಹಾಡುಗಳು, ಪುಸ್ತಕಗಳು ಇವೆಲ್ಲವನ್ನೂ ಅದರಲ್ಲಿಯೇ ಸಂಗ್ರಹಿಸಿಡುವುದು ಆ ಹವ್ಯಾಸದ ಸ್ವರೂಪ. ಕೇಳಿದವರಿಗೆ ಕೇಳಿದುದನ್ನು ಒದಗಿಸುವ ಇಂಥ ಯಂತ್ರಕ್ಕೆ ಸರ್ವರ್ ಎಂದು ಹೆಸರು. ದೂರದ ಕಂಪೆನಿಗಳು ಸಾವಿರಾರು ಸರ್ವರುಗಳನ್ನಿಟ್ಟು ನಡೆಸುವ ಕೆಲಸವನ್ನೇ ಗೃಹಸ್ಥನು ತನ್ನ ಮಟ್ಟಿಗೆ ತಾನೇ ನಡೆಸಿಕೊಳ್ಳುತ್ತಾನೆ. ತುಮಕೂರಿನಿಂದ ಬೆಂಗಳೂರಿಗೆ ನಿತ್ಯವೂ ರೈಲಿನಲ್ಲಿ ಹೋಗಿಬರುವ ಉದ್ಯೋಗಸ್ಥರ ಮನೆಗಳಲ್ಲಿ ಇಂಥದೊಂದು ಪೆಟ್ಟಿಗೆ ಕಂಡುಬಂದರೆ ಆಶ್ಚರ್ಯಪಡತಕ್ಕುದಿಲ್ಲ. ಆಶ್ಚರ್ಯವೇನಿದ್ದರೂ ಅದನ್ನು ಕಂಡ ಹಿರಿಯರ ಮಾತಿನಲ್ಲಿದೆ. “ಇದು ಕೆಲಸವಿಲ್ಲದವರ ಚಟ” ಎಂದು ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ.

ಈ ತೀರ್ಪಿಗೆ ಅವರು ಕೊಡುವ ಕಾರಣಗಳು ಮೂರು. ಒಂದನೆಯದು, ದೊಡ್ಡ ಕಂಪೆನಿಗಳು ಬಿಟ್ಟಿಯಾಗಿ ಕೊಡುವುದನ್ನು ಹಣ ತೆತ್ತು ಮಾಡಿಕೊಳ್ಳುವುದು ಅವಿವೇಕ. ಎರಡನೆಯದು, ಅಂಥ ಕಂಪೆನಿಗಳಲ್ಲಿರುವ ಭದ್ರತೆ ಮನೆಯ ಪೆಟ್ಟಿಗೆಗೆ ಎಲ್ಲಿಂದ ಬರಬೇಕು? ಮೂರನೆಯದು, ಹಗಲಿರುಳೂ ವಿದ್ಯುಚ್ಛಕ್ತಿಯನ್ನು ವ್ಯಯಮಾಡುವುದು ದುಂದು. ಮೇಲೆ ನೋಡುವವರಿಗೆ ಈ ಪೂರ್ವಪಕ್ಷವು ಬಲವಾದುದೆಂದೇ ತೋರುತ್ತದೆ. ಕ್ರಮವಾಗಿ ವಿಚಾರಿಸಿದರೆ ಅದರಲ್ಲಿ ಉಳಿಯುವ ಸತ್ತ್ವವೆಷ್ಟೆಂಬುದು ಗೊತ್ತಾಗುವುದು.

ಮೊದಲು ಕಡೆಯ ಮಾತನ್ನೇ ತೆಗೆದುಕೊಂಡರೆ, ಅದು ಲೆಕ್ಕದ ಮಾತು. ಲೆಕ್ಕಕ್ಕೆ ಲೆಕ್ಕವೇ ಉತ್ತರ. 10 ವಾಟ್ ಬೇಡುವ ಯಂತ್ರವು ದಿನದ 24 ಗಂಟೆಯೂ ನಡೆದರೆ 30 ದಿನಗಳಿಗೆ ಅದು ತೆಗೆದುಕೊಳ್ಳುವುದು 7.2 ಯೂನಿಟ್ಟು. ಪುಟ್ಟ ಕಂಪ್ಯೂಟರುಗಳಿಗೆ ಇಷ್ಟೂ ಬೇಕಾಗುವುದಿಲ್ಲ. ನೋಡುವವರಿಲ್ಲದೆ ಹಜಾರದಲ್ಲಿ ಉರಿಯುವ ದೀಪ, ತಿರುಗುವ ಬೀಸಣಿಗೆ, ಮಾತನಾಡುವ ಟೆಲಿವಿಷನ್ನು ಇವುಗಳ ಲೆಕ್ಕವನ್ನು ಕೇಳದವರು ಈ ಏಳು ಯೂನಿಟ್ಟಿನ ಲೆಕ್ಕವನ್ನು ಮಾತ್ರ ಕೇಳುವುದು ನ್ಯಾಯವಲ್ಲ.

ಬಿಟ್ಟಿಯೆಂಬ ಮಾತಿಗೆ ಬಂದರೆ, ಬಿಟ್ಟಿಯಾಗಿ ಬಂದುದು ಕೊಟ್ಟವನು ಇಚ್ಛಿಸುವವರೆಗೆ ಮಾತ್ರ ಪಡೆದವನದಾಗಿರುತ್ತದೆ. ಪೂರ್ವದೃಷ್ಟಾಂತಗಳಿಗೆ ಕೊರತೆಯಿಲ್ಲ. ಜನರು ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸನ್ನು ಯಾಹೂ ಕಂಪೆನಿಯವರು 2009ರಲ್ಲಿ ಮುಚ್ಚಿದರು. ಭಾರತದ ಕಾಲೇಜು ಹುಡುಗರೆಲ್ಲ ಒಂದು ಕಾಲದಲ್ಲಿ ಕೂಡುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಕಣ್ಮುಚ್ಚಿತು. ಎಣೆಯಿಲ್ಲದಷ್ಟು ಚಿತ್ರಗಳನ್ನು ಬಿಟ್ಟಿಯಾಗಿ ಇಡಬಹುದೆಂದು ಗೂಗಲ್ ಫೋಟೋಸಿನವರು ಕೊಟ್ಟ ಅನುಕೂಲ 2021ರ ಜೂನ್ 1ಕ್ಕೆ ಮುಗಿಯಿತು. ಅಷ್ಟರಲ್ಲಿ ಜನರ ಚಿತ್ರಗಳೆಲ್ಲ ಅಲ್ಲಿ ಸೇರಿಹೋಗಿದ್ದುವು. ಬೆಂಗಳೂರಿನಲ್ಲಿಯೇ ಹುಟ್ಟಿ, ದೇಶಭಾಷೆಗಳಲ್ಲಿ ಬರೆಯಿರೆಂದು ಕನ್ನಡಿಗರನ್ನೂ ಕರೆದ ಕೂ ಎಂಬ ಸಂಸ್ಥೆ 2020ರಲ್ಲಿ ಆರಂಭವಾಗಿ 2024ರ ಜುಲೈ ತಿಂಗಳಲ್ಲಿ ಬಾಗಿಲು ಹಾಕಿತು. ಇವರಾರನ್ನೂ ದುಷ್ಟರೆನ್ನಬೇಕಾದುದಿಲ್ಲ. ವರ್ತಕನು ಲಾಭವಿಲ್ಲದ ಅಂಗಡಿಯನ್ನು ಮುಚ್ಚುವುದು ವರ್ತಕಧರ್ಮ. ಆದರೆ ವರ್ತಕನ ಅಂಗಡಿಯನ್ನು ದೇವರ ಕೋಣೆಯೆಂದು ಭ್ರಮಿಸಿ ಮನೆತನದ ಸರ್ವಸ್ವವನ್ನೂ ಅಲ್ಲಿ ತಂದಿಟ್ಟುದು ಯಾರ ತಪ್ಪು? ಪರಹಸ್ತಗತವಾದ ಧನವು ಸಮಯಕ್ಕೆ ಒದಗದೆಂದು ಸುಭಾಷಿತಕಾರರು ಬಹುಕಾಲದ ಹಿಂದೆಯೇ ಎಚ್ಚರಿಸಿರುವರು.

ಇದಕ್ಕಿಂತಲೂ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದುಂಟು. ಎರಡು ವರ್ಷಕಾಲ ಯಾರೂ ತೆರೆಯದ ಖಾತೆಯನ್ನು ಅದರೊಳಗಿನ ಪತ್ರ, ಚಿತ್ರ, ಕಡತಗಳ ಸಮೇತ ಅಳಿಸಿಹಾಕುವ ಅಧಿಕಾರವನ್ನು ಗೂಗಲ್ ಕಂಪೆನಿಯವರು 2023ರಲ್ಲಿ ಪ್ರಕಟಿಸಿ, ಆ ವರ್ಷದ ಡಿಸೆಂಬರಿನಿಂದ ಜಾರಿಗೆ ತಂದಿರುವರು. ಜೀವಂತನಾಗಿರುವವನಿಗೆ ಇದು ಅಂಥ ತೊಂದರೆಯಲ್ಲ. ಆದರೆ ತೀರಿಕೊಂಡ ತಂದೆ ತನ್ನ ಖಾತೆಯನ್ನು ತೆರೆಯಲಾರನು. ವಂಶವೃಕ್ಷವನ್ನು ಬರೆದಿಟ್ಟ ಅಜ್ಜನೂ, ಸೋಬಾನೆಯ ಪದಗಳನ್ನು ಹಾಡಿ ಧ್ವನಿಮುದ್ರಿಸಿಕೊಟ್ಟ ಅಜ್ಜಿಯೂ ತೆರೆಯಲಾರರು. ಎರಡನೆಯ ವರ್ಷದ ತಿಥಿಯನ್ನು ಮಕ್ಕಳು ಭಕ್ತಿಯಿಂದ ನಡೆಸುತ್ತಿರುವಾಗಲೇ ಹಿರಿಯರ ಕೈಬರಹವು ಹೇಳಹೆಸರಿಲ್ಲದೆ ಅಳಿಯುವ ಕಾಲ ಬಂದಿರಬಹುದು.

ಇನ್ನು ಭದ್ರತೆಯ ಮಾತು. ಕಂಪೆನಿಗಳ ಭವನಗಳಲ್ಲಿ ಕಾವಲಿದೆ, ತಂಪುಯಂತ್ರಗಳಿವೆ, ನಿಪುಣರಿದ್ದಾರೆ ಎಂಬುದು ಸತ್ಯ. ಅಗ್ನಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲವೆಂಬುದು ಸತ್ಯವಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸ್ ದೇಶದ ಸ್ಟ್ರಾಸ್‌ಬುರ್ಗ್ ನಗರದಲ್ಲಿ ಓವಿಎಚ್ ಕಂಪೆನಿಯ ಸರ್ವರು ಭವನವೊಂದು ಸುಟ್ಟುಹೋಯಿತು. ಬೇರೆಡೆ ಪ್ರತಿಯನ್ನಿರಿಸದಿದ್ದ ಎಷ್ಟೋ ಜನ ಗ್ರಾಹಕರು ಸರ್ವನಾಶವನ್ನು ಕಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿ ಸರಕಾರದ ಭವನಕ್ಕೇ ಬೆಂಕಿ ಬಿದ್ದು, ಅಧಿಕಾರಿಗಳ 858 ಟೆರಾಬೈಟ್ ಕಡತಗಳು ಬೇರೆ ಪ್ರತಿಯಿಲ್ಲದ ಕಾರಣ ಭಸ್ಮವಾದುವು. ಕಟ್ಟಡದ ಗಾತ್ರ ಕಾಪಾಡುವುದಿಲ್ಲ; ಪ್ರತಿಯು ಕಾಪಾಡುತ್ತದೆ. ಈ ವಿಷಯವನ್ನು ಮುಂದೆ ವಿಸ್ತರಿಸಬೇಕಾಗಿದೆ.

ಈ ಜಿಲ್ಲೆಯ ಜನರಿಗೆ ಇದನ್ನು ನೀರಿನ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿಯುವುದು. ಗೊರೂರಿನ ಜಲಾಶಯದಿಂದ ಹೇಮಾವತಿಯ ನೀರು ಕಾಲುವೆಯಲ್ಲಿ ಇಲ್ಲಿಗೆ ಬರುತ್ತದೆ, ಬರಲಿ, ಸಂತೋಷ. ಕಾಲುವೆ ಬಂತೆಂದು ಊರಿನ ಕೆರೆಯ ಏರಿಯನ್ನು ಒಡೆದುಹಾಕಿದವರುಂಟೆ? ಮೇಲಿನ ತೂಬು ಯಾರ ಕೈಯಲ್ಲಿದೆ, ಅದನ್ನು ಯಾವಾಗ ತೆರೆಯುವರು ಎಂಬ ಪ್ರಶ್ನೆಯ ಬೆಲೆಯನ್ನು ಗುಬ್ಬಿ ಕುಣಿಗಲ್ಲುಗಳ ರೈತರಿಗೆ ಹೊರಗಿನವರು ಹೇಳಿಕೊಡಬೇಕಾದುದಿಲ್ಲ. 2025ರಲ್ಲಿ ಹೇಮಾವತಿಯ ಕೂಡುಕಾಲುವೆಯ ವಿಚಾರವಾಗಿ ನಡೆದ ಚಳವಳಿಯ ಹಿಂದಿದ್ದುದು ಆ ಪ್ರಶ್ನೆಯೇ. ನೀರಿನಲ್ಲಿ ಇಷ್ಟು ಎಚ್ಚರವುಳ್ಳ ಜನರು ನೆನಪಿನಲ್ಲಿ ಅಷ್ಟೇ ಎಚ್ಚರವನ್ನು ತೋರದಿರುವುದು ಸೋಜಿಗ. ಕಂಪೆನಿಯ ಕಾಲುವೆಯನ್ನು ಯಾರೂ ಮುಚ್ಚಬೇಕಿಲ್ಲ. ಮನೆಯ ಕೆರೆಯನ್ನು ಹೂಳು ತುಂಬಲು ಬಿಡಬಾರದು, ಅಷ್ಟೆ.

ಕನ್ನಡಿಗರಿಗೆ ಈ ಧರ್ಮವು ಹೊಸದೂ ಅಲ್ಲ. ವಚನಗಳ ಓಲೆಗಳನ್ನು ಫ. ಗು. ಹಳಕಟ್ಟಿಯವರು ಮನೆಮನೆಗೂ ತಿರುಗಿ ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಅವು ದೊರೆತದ್ದು ಅರಮನೆಗಳ ಉಗ್ರಾಣದಲ್ಲಲ್ಲ; ಬಹುಮಟ್ಟಿಗೆ ಸಾಮಾನ್ಯರ ಅಟ್ಟಗಳಲ್ಲಿ, ಪೂಜೆಯ ಗೂಡುಗಳಲ್ಲಿ. ಲೋಕವೇ ಕಳೆದುಹೋಯಿತೆಂದು ಬಗೆದಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದರು, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ಆ ಪಂಡಿತರ ಮನೆಯವರು “ಈ ಹಳೆಯ ಗರಿಗಳು ಕೆಲಸವಿಲ್ಲದವರ ಚಟ” ಎಂದಿದ್ದರೆ ಗತಿಯೇನಾಗುತ್ತಿತ್ತು? ಹಿತ್ತಲ ಗಿಡ ಮದ್ದಲ್ಲವೆನ್ನುವವರು ಇದನ್ನು ಯೋಚಿಸಬೇಕು.

ಇಷ್ಟರಿಂದ ಹವ್ಯಾಸಿಗಳ ಪಕ್ಷವೇ ಗೆದ್ದಿತೆಂದು ಅವರು ಹಿಗ್ಗಬೇಕಾದುದಿಲ್ಲ. ಅವರಿಗೂ ಹೇಳತಕ್ಕ ಮಾತುಂಟು, ಮತ್ತು ಅದು ಹೆಚ್ಚು ಕಠಿನವಾದುದು. ಹಳೆಯ ಗ್ರಂಥಗಳು ಉಳಿದುದು ಮನೆಯಲ್ಲಿದ್ದುದರಿಂದ ಮಾತ್ರವಲ್ಲ. ಒಬ್ಬರು ಬರೆದುದನ್ನು ಮತ್ತೊಬ್ಬರು ಪ್ರತಿಮಾಡಿದುದರಿಂದ. ಗುಬ್ಬಿಯ ಮಲ್ಲಣಾರ್ಯನು 16ನೆಯ ಶತಮಾನದಲ್ಲಿ ರಚಿಸಿದ ಭಾವಚಿಂತಾರತ್ನ, ವೀರಶೈವಾಮೃತಪುರಾಣಗಳು ಇಂದಿನವರ ಕೈಗೆ ಬಂದಿರುವುದು ಹೆಸರಿಲ್ಲದ ಲಿಪಿಕಾರರ ಕಂಠದ ಶ್ರಮದಿಂದ. ಪ್ರತಿಯಿಲ್ಲದುದರ ಗತಿಯೇನೆಂಬುದಕ್ಕೂ ನಿದರ್ಶನವಿದೆ: 1934ರಲ್ಲಿ ತೆರೆಕಂಡ ಕನ್ನಡದ ಮೊದಲನೆಯ ವಾಕ್ಚಿತ್ರ ಸತೀ ಸುಲೋಚನದ ಒಂದು ಪ್ರತಿಯೂ ಇಂದು ದೊರೆಯದು. ಹಾಗಿರಲು, ನೂರಾರು ಸಿನೆಮಾಗಳನ್ನು ಪೆಟ್ಟಿಗೆಯಲ್ಲಿ ತುಂಬಿ, ಬಣ್ಣದ ದೀಪಗಳನ್ನು ಮಿನುಗಿಸಿ, ಗೆಳೆಯರಿಗೆ ತೋರಿಸಿ ಬೀಗುವ ಹವ್ಯಾಸಿಯು, ತಾಯಿಯ ಧ್ವನಿಯ ಏಕೈಕ ಮುದ್ರಿಕೆಯನ್ನು ಒಂದೇ ಡಿಸ್ಕಿನಲ್ಲಿಟ್ಟಿದ್ದರೆ, ಅವನು ಭಂಡಾರಿಯಲ್ಲ, ಜೂಜುಗಾರ. ಎರಡು ಡಿಸ್ಕುಗಳನ್ನು ಜೋಡಿಸಿ ಒಂದರ ಬರಹವೇ ಇನ್ನೊಂದರಲ್ಲಿ ಮೂಡುವಂತೆ ಮಾಡಿದ್ದೇನೆಂದು ಅವನು ಹೇಳಬಹುದು. ಡಿಸ್ಕು ಕೆಟ್ಟಾಗ ಅದು ಉಪಯುಕ್ತವೇ ಸರಿ. ಆದರೆ ಕೈತಪ್ಪಿ ಅಳಿಸಿದುದು ಎರಡರಲ್ಲಿಯೂ ಅಳಿಯುತ್ತದೆ. ಕಳ್ಳನು ಪೆಟ್ಟಿಗೆಯನ್ನೊಯ್ದರೆ ಎರಡೂ ಹೋಗುತ್ತವೆ.

ಬಲ್ಲವರು ಹೇಳುವ ನಿಯಮ ಸರಳವಾಗಿದೆ: ಪ್ರತಿಗಳು ಮೂರಿರಬೇಕು, ಅವು ಎರಡು ಬಗೆಯ ಸಾಧನಗಳ ಮೇಲಿರಬೇಕು, ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ಈ ನಿಯಮಕ್ಕೆ ತುಮಕೂರು ಜಿಲ್ಲೆಯ ಭೂಗೋಳವೇ ಅನುಕೂಲವಾಗಿದೆ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು, ಕುಣಿಗಲ್ಲಿಗೆ ಸುಮಾರು 35. ಮೂರು ಊರುಗಳಲ್ಲಿ ಮೂವರು ನಂಬುಗೆಯ ನಂಟರೋ ಸ್ನೇಹಿತರೋ ಇದ್ದರೆ, ಪ್ರತಿಯೊಬ್ಬನೂ ಉಳಿದಿಬ್ಬರ ಪ್ರತಿಯನ್ನು ತನ್ನ ಯಂತ್ರದಲ್ಲಿ ಕಾಯಬಹುದು. ಕಡತಗಳನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳುಹಿಸುವುದರಿಂದ ಕಾಯುವವನಿಗೂ ಅವು ಓದಲು ಬಾರವು. ಮನೆಯ ಬಾಗಿಲನ್ನು ಅಂತರ್ಜಾಲದ ಬೀದಿಗೆ ತೆರೆದಿಡುವ ಅಪಾಯವೂ ಬೇಡ. ವೈರ್‌ಗಾರ್ಡ್ ಎಂಬ ಗುಪ್ತಮಾರ್ಗದಿಂದ ಆ ಮೂರು ಯಂತ್ರಗಳನ್ನು ಮಾತ್ರ ಬೆಸೆಯಬಹುದು. ಬೇಕಾದ ತಂತ್ರಾಂಶಗಳಿಗೆ ಹಣವನ್ನೂ ಕೊಡಬೇಕಾಗಿಲ್ಲ. 1991ರಲ್ಲಿ ಹುಟ್ಟಿದ ಲಿನಕ್ಸ್, ಕಡತಗಳನ್ನು ಕಾಯುವ ನೆಕ್ಸ್ಟ್‌ಕ್ಲೌಡ್, ಹಾಡು ಚಿತ್ರಗಳನ್ನು ಒದಗಿಸುವ ಜೆಲ್ಲಿಫಿನ್ ಇವೆಲ್ಲ ಸರ್ವರಿಗೂ ಮುಕ್ತವಾದುವು. ಈ ಪದ್ಧತಿಗೆ ಮಾದರಿಯೂ ಇಲ್ಲಿಯೇ ಇದೆ. ಬಿ. ಎಲ್. ರೈಸರು ಈ ಜಿಲ್ಲೆಯ ಶಾಸನಗಳನ್ನು 1904ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ 12ನೆಯ ಸಂಪುಟವಾಗಿ ಮುದ್ರಿಸಿದಾಗ, ಕಲ್ಲು ಊರಿನಲ್ಲಿಯೇ ನಿಂತಿತು, ಪಾಠವು ಲೋಕಕ್ಕೆಲ್ಲ ಹರಡಿತು. ಮೂಲವು ಮನೆಯಲ್ಲಿ, ಪ್ರತಿಯು ಹೊರಗೆ: ಇದೇ ಸೂತ್ರ.

ಪ್ರತಿಯಷ್ಟೇ ಮುಖ್ಯವಾದುದು ಕೀಲಿ. ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಮೂರ್ಖನ ಕೈಯಿಂದಲೂ ತನ್ನ ಗ್ರಂಥವನ್ನು ಕಾಪಾಡಿರೆಂದು ಪೂರ್ವದ ಲಿಪಿಕಾರರು ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ಇಂದಿನ ಭಂಡಾರಕ್ಕೆ ಐದನೆಯ ಶತ್ರುವೊಂದು ಹುಟ್ಟಿದೆ. ಅದು ಯಜಮಾನನ ಗುಟ್ಟು. ಪಾಸ್‌ವರ್ಡು ಅವನೊಬ್ಬನಿಗೇ ಗೊತ್ತು, ಯಂತ್ರವನ್ನು ನಡೆಸುವ ಬಗೆ ಅವನೊಬ್ಬನಿಗೇ ಗೊತ್ತು. ಅವನು ಹಾಸಿಗೆ ಹಿಡಿದ ದಿನ ಮನೆಯವರಿಗೆ ಆ ಪೆಟ್ಟಿಗೆಯು ಧೂಳಿನ ಕಲ್ಲು. ಎರಡು ವರ್ಷ ಕಾಯುವ ಕಂಪೆನಿಯೇ ಇವನಿಗಿಂತ ದಯಾಳುವೆನ್ನಬೇಕಾದೀತು! ಶಿಷ್ಯನಿಲ್ಲದ ವಿದ್ಯೆ ಗುರುವಿನೊಡನೆಯೇ ಚಿತೆಯೇರುತ್ತದೆ. ಆದುದರಿಂದ ಯಂತ್ರವೆಲ್ಲಿದೆ, ಪ್ರತಿಗಳೆಲ್ಲಿವೆ, ತೆರೆಯುವುದು ಹೇಗೆ ಎಂಬುದನ್ನು ಅಚ್ಚಗನ್ನಡದಲ್ಲಿ ಕಾಗದದ ಮೇಲೆ ಬರೆದು, ಜಮೀನಿನ ಪತ್ರಗಳಿರುವ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಹೆಂಡತಿಗಾಗಲಿ ಮಕ್ಕಳಿಗಾಗಲಿ ಒಮ್ಮೆ ತೆರೆಯಿಸಿ ಅಭ್ಯಾಸಮಾಡಿಸತಕ್ಕದ್ದು. ವರ್ಷಕ್ಕೊಮ್ಮೆ, ಆಯುಧಪೂಜೆಯಂದಾದರೂ, ಪ್ರತಿಯಿಂದ ಒಂದು ಕಡತವನ್ನು ಹೊರತೆಗೆದು ಓದಿ ನೋಡತಕ್ಕದ್ದು. ಓದಲಾಗದ ಪ್ರತಿಯು ಪ್ರತಿಯಲ್ಲ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾಗಿ ಇನ್ನೂ ಯೂನಿಕೋಡಿಗೆ ಬಾರದ ಕನ್ನಡ ಕಡತಗಳುಳ್ಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗೆರೆಗಳಾಗಿಯೇ ಕಾಣುವುವು.

ಸಾಹಿತ್ಯಸಂಘಗಳೂ ಶಾಲೆಗಳೂ ಈ ಕೆಲಸವನ್ನು ತರುಣರ ಚಟವೆಂದು ದೂರದಿಂದ ನೋಡುವುದನ್ನು ಬಿಡಬೇಕು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ನಾಡನ್ನೆಲ್ಲ ರಂಜಿಸಿದ ನಾಟಕ ಕಂಪೆನಿಯ ಕರಪತ್ರ, ಭಾವಚಿತ್ರಗಳು ಯಾವ ಯಾವ ಮನೆಗಳಲ್ಲಿ ಉಳಿದಿರಬಹುದೋ, ಕುಣಿಗಲ್ ಸೀಮೆಯ ಜನಪದ ಗೀತೆಗಳು ಯಾವ ಅಜ್ಜಿಯರ ಕೊರಳಲ್ಲಿವೆಯೋ, ಅವನ್ನು ಸಂಗ್ರಹಿಸಿ ಮೂರೂರುಗಳಲ್ಲಿ ಮೂರು ಪ್ರತಿಯಾಗಿ ಇಡುವುದಕ್ಕೆ ಕೋಟಿಯ ಅನುದಾನ ಬೇಕಿಲ್ಲ. ಮೂರು ಹಳೆಯ ಕಂಪ್ಯೂಟರು, ಮೂವರು ಶ್ರದ್ಧಾವಂತರು ಸಾಕು. ಆ ತರುಣರಿಗೆ ಯಂತ್ರ ಗೊತ್ತು, ಏನನ್ನು ಉಳಿಸಬೇಕೆಂಬುದು ಗೊತ್ತಿಲ್ಲ. ಹಿರಿಯರಿಗೆ ಏನನ್ನು ಉಳಿಸಬೇಕೆಂಬುದು ಗೊತ್ತು, ಯಂತ್ರ ಗೊತ್ತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಾಸ್ಯಮಾಡುತ್ತ ಕುಳಿತಿರುವಷ್ಟು ದಿನ ಕೀಲಿಯು ಪರರ ಕೈಯಲ್ಲಿಯೇ ಇರುವುದು. ಆ ಪರರು ಬಾಗಿಲು ಹಾಕುವ ದಿನವನ್ನು ಇವರಿಬ್ಬರನ್ನೂ ಕೇಳಿ ಗೊತ್ತುಮಾಡುವುದಿಲ್ಲ.